ಹಂಡೆಯ ಒಲೆ, ಹನಿಯ ಕೊಳವೆ

ಮಳೆ ಹಿಂದಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು. ಸುಲಿದ ಹಸಿ ಅಡಿಕೆ ಹಂಡೆಗೆ ಬೀಳುತ್ತದೆ, ಕೆಳಗೆ ಸೌದೆ ಉರಿಯುತ್ತದೆ. ಆ ಸೌದೆಯಲ್ಲಿ ಬಹುಪಾಲು ಬೆಟ್ಟದಿಂದ, ಕಾಡಂಚಿನಿಂದ ಬಂದದ್ದು. ಮಲೆನಾಡಿನ ಕಾಡಿನ ಲೆಕ್ಕ ಹಾಕುವವರು ಒಮ್ಮೆ ಈ ಒಲೆಯ ಬಾಯಿಯನ್ನೂ ಬಗ್ಗಿ ನೋಡಬೇಕು.

200 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 63 ಮೆಗಾಜೂಲ್ ಶಾಖ ಬೇಕು. ಒಣ ಸೌದೆ ಕೆಜಿಗೆ 16 ಮೆಗಾಜೂಲ್ ಆಸುಪಾಸು ಕೊಡುತ್ತದೆ. ಶಾಖವೆಲ್ಲ ಹಂಡೆಗೇ ಸೇರುವುದಾದರೆ 4 ಕೆಜಿ ಸಾಕು. ತೆರೆದ ಒಲೆಯಲ್ಲಿ ಹತ್ತರಲ್ಲೊಂದು ಪಾಲು ಸೇರಿತೆಂದುಕೊಂಡರೂ 40 ಕೆಜಿ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ ಶೇ 30ರಷ್ಟು ಶಾಖ ದಕ್ಕಿದರೆ 13 ಕೆಜಿಗೆ ಕೆಲಸ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಒಲೆಗಳು ಹೊರಟದ್ದು ಇದೇ ಲೆಕ್ಕದಿಂದ.

ಒಲೆಯೊಳಗೆ ಮಾಯವೇನಿಲ್ಲ. ಸೌದೆ ಕಬ್ಬಿಣದ ಜಾಲರಿಯ ಮೇಲಿರಬೇಕು, ಗಾಳಿ ಕೆಳಗಿನಿಂದ ಬರಬೇಕು. ಬಿಸಿ ಹೊಗೆ ಹಂಡೆಯ ತಳಕ್ಕೆ ತಾಗಿ, ಬದಿಯನ್ನು ಸುತ್ತಿ, ಆಮೇಲೆ ಚಿಮಣಿ ಹಿಡಿಯಬೇಕು. ಕೆಡುವುದು ಸಣ್ಣಪುಟ್ಟ ಕಡೆ. ಹಂಡೆಗೂ ಗೋಡೆಗೂ ನಡುವಿನ ಸಂದು ಅಗಲವಾದರೆ ಶಾಖ ಹಂಡೆಗೆ ತಾಗದೆ ಮೇಲೆ ಹೋಗುತ್ತದೆ. ತೀರಾ ಬಿಗಿಯಾದರೆ ಹೊಗೆ ಬಾಯಿಗೆ ಮರಳುತ್ತದೆ. ಜಾಲರಿಯಡಿ ಬೂದಿ ತುಂಬಿದರೆ ಗಾಳಿ ಕಟ್ಟುತ್ತದೆ. ತಳಕ್ಕೆ ಹತ್ತಿದ ಮಸಿ ಶಾಖವನ್ನು ತಡೆಯುತ್ತದೆ, ಅದನ್ನು ಆಗಾಗ ಕೆರೆಯಲೇಬೇಕು. ಇದೆಲ್ಲಕ್ಕಿಂತ ದೊಡ್ಡ ನಷ್ಟ ಹಸಿ ಸೌದೆಯದು: ಅರ್ಧ ತೂಕ ನೀರೇ ಇರುವ ಸೌದೆಯಿಂದ ಒಣ ಸೌದೆಯ ಅರ್ಧದಷ್ಟು ಶಾಖವೂ ಸಿಗುವುದಿಲ್ಲ. ಬೇಸಿಗೆಯಲ್ಲೇ ಸೀಳಿ ಸೂರಿನಡಿ ಒಟ್ಟಿದ ಸೌದೆ ಅರ್ಧ ಕಾಡು ಉಳಿಸಿದಂತೆ.

ಇಷ್ಟು ಗೊತ್ತಿದ್ದೂ ಹಳೆಯ ಒಲೆ ಏಕೆ ಉರಿಯುತ್ತಿದೆ? ಸಾಲದ ದಾರಿ ನೋಡಿದರೆ ತಿಳಿಯುತ್ತದೆ. ಸಣ್ಣ ತೋಟದವರು ಅನೇಕರು ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುತ್ತಾರೆ. ಹಲವು ತೋಟಗಳ ಅಡಿಕೆ ಒಬ್ಬ ಚೇಣಿದಾರನ ಹಂಡೆಯಲ್ಲಿ ಬೇಯುತ್ತದೆ. ಆದರೆ ಸಹಕಾರ ಸಂಘದ ಬೆಳೆಸಾಲ ಹುಟ್ಟುವುದು ಪಹಣಿಯಿಂದ, ಪಹಣಿ ಇರುವುದು ತೋಟದವರ ಹೆಸರಲ್ಲಿ. ಬೆಂಕಿ ಹಾಕುವವನಿಗೆ ಆ ಬಾಗಿಲು ಇಲ್ಲ. ಇನ್ನು ಬೆಳೆಸಾಲ ವರ್ಷದೊಳಗೆ ತೀರಬೇಕು. ಒಲೆಗೆ ಹಾಕಿದ ದುಡ್ಡು ವಾಪಸಾಗುವುದೋ ನಾಲ್ಕಾರು ಸುಗ್ಗಿಗಳ ಸೌದೆ ಉಳಿತಾಯದಿಂದ. ಚೇಣಿದಾರನಿಗೆ, ಅಡಿಕೆ ಮಂಡಿಗೆ ಹೋದ ಮೇಲೆ ಕಂತು ಕಟ್ಟುವಂಥ ಮಧ್ಯಮಾವಧಿ ಸಾಲ ಸಿಕ್ಕರೆ ಒಂದೇ ಒಲೆಯಿಂದ ಹತ್ತು ತೋಟಗಳ ಸೌದೆ ಉಳಿಯುತ್ತದೆ.

ನೀರಿನ ವಿಷಯದಲ್ಲಿ ದುಡ್ಡು ಬಂದಿದೆ, ತಂತ್ರಜ್ಞಾನವೂ ಬಂದಿದೆ. ಪೆಟ್ಟು ಬಿದ್ದಿರುವುದು ಬೇರೆ ಕಡೆ. ಶಿಕಾರಿಪುರ, ಭದ್ರಾವತಿ ಕಡೆ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಕೊಳವೆಬಾವಿಗೆ ಸಾಲ, 10 ಎಚ್‌ಪಿವರೆಗಿನ ಪಂಪಿಗೆ ಉಚಿತ ವಿದ್ಯುತ್, ಹನಿ ನೀರಾವರಿಗೆ ಸಹಾಯಧನ. ಬುಡಕ್ಕೆ ನೀರು ಹಾಯಿಸುವ ಹಳೆಯ ಪದ್ಧತಿಯಲ್ಲಿ ಮರಕ್ಕೆ ಐದು ದಿನಕ್ಕೊಮ್ಮೆ 175 ಲೀಟರ್, ಅಂದರೆ ದಿನಕ್ಕೆ 35. ಹನಿಯಲ್ಲಿ 20 ಲೀಟರ್ ಸಾಕು. ಎಕರೆಗೆ 550 ಮರವೆಂದರೆ ದಿನಕ್ಕೆ 19,250 ಲೀಟರ್ ಬೇಕಿದ್ದಲ್ಲಿ 11,000. ಕಾಗದದ ಮೇಲೆ ಎಂಟು ಸಾವಿರ ಲೀಟರ್ ಉಳಿಯಿತು.

ತೋಟದಲ್ಲಿ ಆಗುವುದು ಬೇರೆ. ಅದೇ ನೀರಿಗೆ ಪಕ್ಕದ ಮುಕ್ಕಾಲು ಎಕರೆಯಲ್ಲಿ ಹೊಸ ಸಸಿ ಏಳುತ್ತದೆ. ಬಾವಿಯಿಂದ ಎತ್ತುವ ನೀರು ಒಂದು ಲೋಟವೂ ಕಡಿಮೆಯಾಗುವುದಿಲ್ಲ. ಅಷ್ಟೇ ಅಲ್ಲ, ಬುಡಕ್ಕೆ ಹಾಯಿಸಿದ ನೀರಿನಲ್ಲಿ ಒಂದಷ್ಟು ಇಂಗಿ ಅಂತರ್ಜಲಕ್ಕೆ ಮರಳುತ್ತಿತ್ತು. ಹನಿಯಲ್ಲಿ ಬಹುಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ತೋಟ ಹಿಗ್ಗಿತೆಂದರೆ ಮಿತವ್ಯಯದ ಅದೇ ಯಂತ್ರ ಅಂತರ್ಜಲವನ್ನು ಮೊದಲಿಗಿಂತ ಬೇಗ ಬರಿದು ಮಾಡುತ್ತದೆ. ಇದನ್ನು ರೈತರ ದುರಾಸೆ ಎನ್ನುವುದು ಅನ್ಯಾಯ. ಸಾಲ ತೀರಿಸಬೇಕಾದವರು ಫಸಲು ಹೆಚ್ಚಿಸದೆ ಇನ್ನೇನು ಮಾಡಿಯಾರು?

ಹನಿ ಕೊಳವೆಗೆ ಮತ್ತೊಂದು ಕಾಟ ಕಬ್ಬಿಣದ ಅಂಶ. ನೀರಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದಾಗ ತುಕ್ಕಿನ ಕೆಂಪು ಲೋಳೆಯಾಗಿ ತೂತು ಮುಚ್ಚುತ್ತದೆ. ನೀರನ್ನು ಎತ್ತರದಿಂದ ತೊಟ್ಟಿಗೆ ಬೀಳಿಸಿ, ಕಬ್ಬಿಣ ತಳಕ್ಕೆ ಕೂತ ಮೇಲೆ ಮರಳು ಫಿಲ್ಟರಿನಿಂದ ಸೋಸಬೇಕು. ಫಿಲ್ಟರಿನ ಒಳಬದಿ ಹೊರಬದಿಗಳ ಒತ್ತಡದ ಅಂತರ ಹೆಚ್ಚಿದ ಕೂಡಲೇ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು. ಸಹಾಯಧನ ಕೊಳವೆ ಹಾಸಿದ ದಿನಕ್ಕೆ ಮುಗಿದಿರುತ್ತದೆ, ಈ ಕೆಲಸ ಮಾತ್ರ ವರ್ಷವಿಡೀ ಇರುತ್ತದೆ. ಅರ್ಧ ತೂತು ಕಟ್ಟಿದ ತೋಟದವರು ಬೇಸತ್ತು ಮತ್ತೆ ಪೈಪು ಹಿಡಿಯುತ್ತಾರೆ. ಆಗ ಹಿಗ್ಗಿದ ತೋಟಕ್ಕೆಲ್ಲ ಹಳೆಯ ಲೆಕ್ಕದಲ್ಲೇ ನೀರು ಬೇಕು.

ಹನಿ ನೀರಾವರಿಯ ಹಣ ಕೊಡುವಾಗ ಮೂರು ಮಾತು ಕಾಗದದಲ್ಲಿ ಬಂದರೆ ಸಾಕು: ಯಾವ ಸರ್ವೆ ನಂಬರಿನ ಎಷ್ಟು ಎಕರೆಗೆ ಈ ಬಾವಿ, ಪಂಪಿನ ಬಾಯಿಗೊಂದು ನೀರಿನ ಮೀಟರ್, ಮೂರನೆಯ ವರ್ಷದ ಫಿಲ್ಟರ್ ಮರಳಿಗೆ ತೆಗೆದಿಟ್ಟ ಒಂದು ಕಂತು.