ಪದಬಂಧದ ಖಾಯಂ ಗಿರಾಕಿಗಳು

ಇಂಗ್ಲಿಷ್ ಪದಬಂಧ ಬಿಡಿಸುವ ಚಟ ಇರುವವರಿಗೆ ಕೆಲವು ಪದಗಳು ನೆಂಟರಿದ್ದಂತೆ. ಕರೆಯದಿದ್ದರೂ ವಾರಕ್ಕೊಮ್ಮೆ ಬಂದು ಕೂರುತ್ತವೆ. ಸೂಜಿ ಇಡುವ ಪುಟ್ಟ ಪೆಟ್ಟಿಗೆಗೆ 'ಎಟ್ವೀ'. ಕಡಲ ಹದ್ದಿಗೆ 'ಅರ್ನ್'. ಆಂಗ್ಲೋ ಸ್ಯಾಕ್ಸನ್ ಕಾಲದ ಜೀತದಾಳಿಗೆ 'ಎಸ್ನಿ'. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಕುಳ್ಳ ಎಮ್ಮೆಗೆ 'ಅನೋವಾ'. ಮಾತಿನಲ್ಲಿ ಇವನ್ನು ಯಾರೂ ಬಳಸುವುದಿಲ್ಲ. ಇಂಥವಕ್ಕೆ ಇಂಗ್ಲಿಷಿನಲ್ಲಿ ಕ್ರಾಸ್‌ವರ್ಡೀಸ್ ಎಂಬ ಹೆಸರೇ ಇದೆ.

ಇವುಗಳ ಮೇಲಿನ ಜಗಳ ಹಳೆಯದು. ಹಳಸಲು ಪದ ಬೇಡ ಎಂದರು ಕೆಲವರು. ಅವುಗಳ ಜಾಗಕ್ಕೆ ಬಂದ ಹೊಸ ಹೆಸರುಗಳು ಇನ್ನೂ ಕಷ್ಟ ಎಂದರು ಇನ್ನು ಕೆಲವರು. ಈಗ ಯಾರು ಯಾವುದಕ್ಕೆ ಬೈಯುತ್ತಿದ್ದಾರೆ ಎಂದೇ ಗೊತ್ತಾಗದಷ್ಟು ಸಿಕ್ಕುಸಿಕ್ಕಾಗಿದೆ.

ಮೊದಲ ಪದಬಂಧ ಬಂದದ್ದು 1913ರ ಡಿಸೆಂಬರ್ 21ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ಮಾಡಿದವರು ಲಿವರ್‌ಪೂಲ್ ಮೂಲದ ಆರ್ಥರ್ ವಿನ್. ವಜ್ರದ ಆಕಾರ, ನಡುವೆ ಖಾಲಿ. ಆ ಮೊದಲನೆಯದರಲ್ಲೇ 'ಡವ್' ಎಂಬ ಪದ ಎರಡು ಸಲ ಉತ್ತರವಾಗಿ ಬಂದಿತ್ತು. ಒಂದು ತಾಳೆಮರದ ನಾರಿನ ಹೆಸರು, ಯಾರೂ ಕೇಳಿರದ ಮೂರಕ್ಷರದ 'ದೋ' ಕೂಡ ಇತ್ತು. ಅಂದರೆ ಈ ಕಾಯಿಲೆ ಹುಟ್ಟಿನಿಂದಲೇ ಬಂದದ್ದು.

1924ರಲ್ಲಿ ಪದಬಂಧದ ಮೊದಲ ಪುಸ್ತಕ ಬಂತು, ಜೊತೆಗೊಂದು ಪೆನ್ಸಿಲ್ ಕೂಡ. ಅಮೆರಿಕಕ್ಕೆ ಹುಚ್ಚು ಹಿಡಿಯಿತು. 'ನ್ಯೂಯಾರ್ಕ್ ಟೈಮ್ಸ್' ಇದನ್ನೆಲ್ಲ ಪಾಪದಂಥ ಸಮಯಹರಣ ಎಂದು ಮೂಗು ಮುರಿಯಿತು. ಅದೇ ಪತ್ರಿಕೆ 1942ರ ಫೆಬ್ರವರಿಯಲ್ಲಿ, ಪರ್ಲ್ ಹಾರ್ಬರ್ ದಾಳಿಯಾದ ಎರಡೇ ತಿಂಗಳಿಗೆ, ತಾನೂ ಪದಬಂಧ ಶುರು ಮಾಡಿತು. ಯುದ್ಧದ ಸುದ್ದಿಯ ನಡುವೆ ಓದುಗರಿಗೆ ಬೇರೇನಾದರೂ ಬೇಕಿತ್ತಲ್ವಾ. ಮೊದಲ ಸಂಪಾದಕಿ ಮಾರ್ಗರೆಟ್ ಫರಾರ್. 1924ರ ಆ ಪುಸ್ತಕದ ಹಿಂದೆಯೂ ಅವರಿದ್ದರು. ಅಮೆರಿಕದ ಪದಬಂಧಕ್ಕೆ ಕಟ್ಟುಪಾಡು ಹಾಕಿಕೊಟ್ಟವರಲ್ಲಿ ಅವರ ಹೆಸರೇ ಮೊದಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪದಗಳ ಮೇಲೆ ಸಿಟ್ಟಾಗುವವರು ಈ ಕಟ್ಟುಪಾಡುಗಳ ಕಡೆ ನೋಡುವುದೇ ಕಡಿಮೆ.

ದಿನದ ಪದಬಂಧ ಸಾಮಾನ್ಯವಾಗಿ 15 ಸಾಲು, 15 ಕಂಬ. ಒಟ್ಟು 225 ಮನೆ. ಕಪ್ಪು ಮನೆಗಳು ಹೆಚ್ಚೂಕಡಿಮೆ ಆರರಲ್ಲಿ ಒಂದು ಪಾಲು. ಹಾಳೆಯನ್ನು ತಲೆಕೆಳಗು ಮಾಡಿದರೂ ವಿನ್ಯಾಸ ಹಾಗೇ ಕಾಣಬೇಕು. ಎರಡಕ್ಷರದ ಪದ ಇರಕೂಡದು. ಎಲ್ಲಕ್ಕಿಂತ ದೊಡ್ಡ ಷರತ್ತು: ಪ್ರತಿ ಬಿಳಿ ಮನೆಯೂ ಒಂದು ಅಡ್ಡ ಪದಕ್ಕೂ ಒಂದು ಉದ್ದ ಪದಕ್ಕೂ ಸೇರಿರಬೇಕು. ಪದಗಳ ಸಂಖ್ಯೆ 78 ದಾಟಬಾರದು. ಸುಮ್ನೆ ಲೆಕ್ಕ ಹಾಕಿ. ಸುಮಾರು 187 ಬಿಳಿ ಮನೆ, ಪ್ರತಿಯೊಂದೂ ಎರಡು ಸಲ ಎಣಿಕೆಗೆ. 78 ಪದಗಳಿಗೆ ಹಂಚಿದರೆ ಪದವೊಂದಕ್ಕೆ ಐದು ಅಕ್ಷರವೂ ಬರುವುದಿಲ್ಲ.

ಕಟ್ಟುವವರು ಮೊದಲು ಮುಖ್ಯವಾದ ಮೂರು ನಾಲ್ಕು ಉದ್ದ ಪದಗಳನ್ನು ಕೂರಿಸುತ್ತಾರೆ. ಅವು ಅಲ್ಲಾಡುವುದಿಲ್ಲ. ನಡುವಿನ ಸಂದುಗಳಿಗೆ ಸಣ್ಣ ಪದ ತುರುಕಬೇಕು. ಮೂರು ಮನೆಯ ಸಂದಿನಲ್ಲಿ ಮೊದಲು 'ಓ', ಕೊನೆಗೆ 'ಇ' ಸಿಕ್ಕಿತು ಅನ್ನಿ. ಅದಿರಿನ 'ಓರ್', ಪದ್ಯದ 'ಓಡ್', ಇಲ್ಲವೇ 'ಒನ್'. ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಸ್ವರ, ವ್ಯಂಜನ, ಸ್ವರ ಎಂದು ಸಾಗುವ ಪದಗಳು ಎತ್ತ ಹಾಯ್ದರೂ ಹೊಂದಿಕೊಳ್ಳುತ್ತವೆ. ಅದಕ್ಕೇ ಯುಗದ 'ಈರಾ', 'ಏರಿಯಾ', ಲೋಳೆಸರದ 'ಆಲೋ', ಈರಿ ಸರೋವರ ಮತ್ತೆ ಮತ್ತೆ ಬರುತ್ತವೆ. ಕನ್ನಡದ ಪದಬಂಧದಲ್ಲಿ ಸ್ವರಕ್ಕೆ ಬೇರೆ ಮನೆ ಬೇಕಾಗಿಲ್ಲ, ಗುಣಿತವಾಗಿ ವ್ಯಂಜನದ ಜೊತೆಗೇ ಕೂರುತ್ತದೆ. ಈ ಫಜೀತಿ ಇಂಗ್ಲಿಷಿನದು.

ಬ್ರಿಟನ್ನಿನ ದಾರಿ ಬೇರೆಯಾಯಿತು. ಸುಳಿವೇ ಒಂದು ಒಗಟಾಗಿರುವ ಅಲ್ಲಿನ ಗೂಢ ಪದಬಂಧ ಜಾಲರಿಯಂತಿರುತ್ತದೆ. ಸುಮಾರು ಅರ್ಧದಷ್ಟು ಅಕ್ಷರಗಳು ಮಾತ್ರ ಎರಡು ಪದಕ್ಕೆ ಸೇರುತ್ತವೆ. ಹಾಗಾಗಿ ಉತ್ತರಗಳು ಉದ್ದ. ಸಣ್ಣ ಪದಗಳು ಮಾಯವಾಗಲಿಲ್ಲ, ಸುಳಿವಿನ ಒಳಗೆ ಹೋಗಿ ಅಡಗಿದವು. 'ಕೆಲಸಗಾರ' ಎಂದರೆ ಇರುವೆಯ 'ಆ್ಯಂಟ್', 'ನಾವಿಕ' ಎಂದರೆ 'ಟಾರ್', 'ಪ್ರೀತಿ' ಎಂದರೆ ಟೆನಿಸ್‌ನ ಸೊನ್ನೆ, ಅಂದರೆ 'ಓ' ಅಕ್ಷರ.

ಅಮೆರಿಕದಲ್ಲಿ ಮಾತ್ರ ಕಟ್ಟುಪಾಡು ಹಾಗೇ ಉಳಿಯಿತು, ಸಂಪಾದಕರು ಬದಲಾದರು. 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಯೂಜೀನ್ ಮಲೆಸ್ಕಾ 1977ರಿಂದ 1993ರವರೆಗೆ ಇದ್ದರು. ನಿಘಂಟು, ಲ್ಯಾಟಿನ್, ಸಂಗೀತ ನಾಟಕ ಅವರ ಲೋಕ. ಆ ಕಾಲದಲ್ಲಿ 'ಓರಿಯೊ' ಎಂಬ ಉತ್ತರಕ್ಕೆ ಸುಳಿವು ಬಿಸ್ಕತ್ತಲ್ಲ! ಬೆಟ್ಟ ಎಂಬ ಅರ್ಥದ ಗ್ರೀಕ್ ಪೂರ್ವಪದ. ಬಿಸ್ಕತ್ತು 1912ರಿಂದಲೇ ಅಂಗಡಿಯಲ್ಲಿತ್ತು, ಆದರೆ ಪದಬಂಧದಲ್ಲಿ ಬ್ರಾಂಡ್ ಹೆಸರು ಎಂದರೆ ಮಡಿವಂತಿಕೆ. 1993ರಲ್ಲಿ ವಿಲ್ ಶಾರ್ಟ್ಜ್ ಬಂದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಗಟಿನ ಶಾಸ್ತ್ರಕ್ಕೇ ಪದವಿ ಪಡೆದವರು. ಟಿವಿ, ಸಿನಿಮಾ, ಬ್ರಾಂಡ್, ಬೀದಿ ಮಾತು ಎಲ್ಲ ಒಳಗೆ ಬಂತು. ಓರಿಯೊ ಬಿಸ್ಕತ್ತಾಯಿತು.

ಅಕ್ಷರ ಅವೇ ನಾಲ್ಕು, ಬದಲಾದದ್ದು ಸುಳಿವು ಮಾತ್ರ. ಎಸ್ನಿ, ಅನೋವಾಗಳ ಜಾಗಕ್ಕೆ ಸಂಗೀತಗಾರ ಬ್ರಯನ್ ಈನೋ, ಯೋಕೋ ಓನೋ, ನಟಿ ಈಸಾ ರೇ ಬಂದರು. ಈನೋ ಅಂದರೆ ನನಗೆ ಹೊಟ್ಟೆಯುರಿಯ ಪುಡಿ, ಇರಲಿ. 1947ರಲ್ಲೇ ಆಟ ಬಿಟ್ಟ ಬೇಸ್‌ಬಾಲ್ ಆಟಗಾರ ಮೆಲ್ ಆಟ್ ಇವತ್ತಿಗೂ ಪದಬಂಧದಲ್ಲಿ ಆಡುತ್ತಲೇ ಇದ್ದಾರೆ. ಹಳೆಯ ಪದವನ್ನು ನಿಘಂಟಿನಲ್ಲಾದರೂ ಹುಡುಕಬಹುದಿತ್ತು. ಹೊಸ ಹೆಸರಿಗೆ ಅಲ್ಲಿನ ಟಿವಿ ನೋಡಿರಬೇಕು. ಹೊರಗಿನವರಿಗೆ ಯಾವುದು ಸುಲಭ, ನೀವೇ ಹೇಳಿ. ಭಾರತದ ಪಾಲಿಗೆ ಬಂದದ್ದು ಸೀರೆಯ 'ಸಾರಿ', ರಾಗ, ಆಗ್ರಾ, ರಾಣಿ. ರಾಣಿಯನ್ನು ಬೇಕಾದಂತೆ ನಾಲ್ಕಕ್ಷರಕ್ಕೂ ಐದಕ್ಷರಕ್ಕೂ ಎಳೆಯುತ್ತಾರೆ.

ಆಮೇಲೆ ಕಂಪ್ಯೂಟರ್ ಬಂತು. ತಂತ್ರಾಂಶಕ್ಕೆ ದೊಡ್ಡ ಪದಪಟ್ಟಿ ಕೊಡಬಹುದು, ಪ್ರತಿ ಪದಕ್ಕೂ ಅಂಕ ಹಾಕಬಹುದು. ಹಳಸಲು ಪದಕ್ಕೆ ಕಡಿಮೆ ಅಂಕ ಕೊಟ್ಟರೆ ಅದು ಹಿಂದೆ ಸರಿಯುತ್ತದೆ. ಆದರೆ ಅಂಕ ಹಾಕುವುದು ಮನುಷ್ಯರೇ ತಾನೆ. 2019ರ ಜನವರಿ 1ರ 'ಟೈಮ್ಸ್' ಪದಬಂಧದಲ್ಲಿ ಆರಕ್ಷರದ ಪದವೊಂದಕ್ಕೆ ಬೇಸ್‌ಬಾಲ್ ಎಸೆತದ ಸುಳಿವಿತ್ತು. ಅದು ಮೆಕ್ಸಿಕೊ ಮೂಲದವರನ್ನು ಬೈಯುವ ಪದವೂ ಹೌದು. ಕ್ಷಮೆ ಕೇಳಬೇಕಾಯಿತು. ಮರುವರ್ಷ ಪದಬಂಧ ಕಟ್ಟುವವರೇ ಬಹಿರಂಗ ಪತ್ರ ಬರೆದು, ಸಂಪಾದಕರ ಬಳಗಕ್ಕೆ ಬೇರೆ ಬೇರೆ ಹಿನ್ನೆಲೆಯವರನ್ನು ಸೇರಿಸಿಕೊಳ್ಳಿ ಎಂದು ಕೇಳಿದರು. ಯಾವ ಪದ 'ಎಲ್ಲರಿಗೂ ಗೊತ್ತು' ಎಂದು ತೀರ್ಮಾನಿಸುವವರು ಯಾರು ಎಂಬುದು ಆಗ ಪ್ರಶ್ನೆಯಾಯಿತು. ಸಂದು ತುಂಬುವ ಹಳೇ ಕಷ್ಟ ಮಾತ್ರ ಹಾಗೇ ಇದೆ. 2014ರಲ್ಲಿ ಶುರುವಾದ ಐದು ಮನೆ ಅಗಲದ ಮಿನಿ ಪದಬಂಧದಲ್ಲಂತೂ ಸಣ್ಣ ಪದ ಬಿಟ್ಟು ಬೇರೆ ಇಲ್ಲವೇ ಇಲ್ಲ.

ಅನೋವಾ ಈಗ ಪದಬಂಧದಲ್ಲಿ ಅಪರೂಪ. ಸುಲವೇಸಿಯ ಕಾಡಿನಲ್ಲೂ ಅಷ್ಟೇ, ಅದೀಗ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ.