ಸದ್ದು ನಿಲ್ಲಿಸಿದ ಟ್ಯಾಪೆಟ್

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಬೀದಿಯೊಂದರಲ್ಲಿರುವ ಸಣ್ಣ ಗ್ಯಾರೇಜಿಗೆ ಎರಡು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೇನೆ. ವಾರವೆಲ್ಲ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಅಲ್ಲಿ ಕಲಿಯುವವನು. ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಬೈಕ್ ರಿಪೇರಿ ಮಾಡುತ್ತಿರುವ ಮೇಸ್ತ್ರಿ ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಾರೆ. ಮೇಸ್ತ್ರಿ ಎಂಬ ಮಾತು ಪೋರ್ಚುಗೀಸಿನಿಂದ, ಮೇಷ್ಟ್ರು ಎಂಬುದು ಇಂಗ್ಲಿಷಿನಿಂದ ನಮ್ಮ ನುಡಿಗೆ ಬಂದವು. ಎರಡರ ಬೇರೂ ಒಂದೇ ಲ್ಯಾಟಿನ್ ಪದದಲ್ಲಿದೆ.

ಒಂದು ಭಾನುವಾರ ಮಾರುಕಟ್ಟೆಗೆ ಹೂವಿನ ಮೂಟೆ ಸಾಗಿಸುವ ರೈತರೊಬ್ಬರು ತಮ್ಮ ಹಳೆಯ 100 ಸಿಸಿ ಬೈಕ್ ತಂದರು. ಬೆಳಗಿನ ಜಾವ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ದಿಣ್ಣೆಯಲ್ಲಿ ಎಳೆಯುವುದಿಲ್ಲ ಎಂಬುದು ಅವರ ದೂರು. ಒಂದೇ ಸಮಾಧಾನವೆಂದರೆ ಮೊದಲಿದ್ದ ಟಿಕ್ ಟಿಕ್ ಸದ್ದು ತಾನಾಗಿಯೇ ನಿಂತಿದೆ ಎಂದರು. ಅದನ್ನು ಕೇಳಿದ್ದೇ ಮೇಸ್ತ್ರಿ ನನ್ನತ್ತ ತಿರುಗಿ, “ಸದ್ದು ಮಾಡೋ ಟ್ಯಾಪೆಟ್ಟಿಗೆ ಹೆದರ್ಬೇಡಿ ಮೇಷ್ಟ್ರೇ, ಸದ್ದು ನಿಲ್ಸಿರೋದಕ್ಕೆ ಹೆದರಿ” ಎಂದರು.

ಆ ಮಾತಿನ ಹಿಂದೆ ಒಂದು ಇಡೀ ಪಾಠವೇ ಇದೆ. ಎಂಜಿನ್ನಿನ ತಲೆಭಾಗದಲ್ಲಿ ಅಣಬೆಯಾಕಾರದ ಎರಡು ವಾಲ್ವ್‌ಗಳು ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಬಿಡುವ, ಉರಿದ ಹೊಗೆಯನ್ನು ಹೊರಕ್ಕೆ ಕಳಿಸುವ ಬಾಗಿಲುಗಳಂತೆ ಕೆಲಸ ಮಾಡುತ್ತವೆ. ರಾಕರ್ ಎಂಬ ಪುಟ್ಟ ತೋಳು ಇವುಗಳ ಬಾಲವನ್ನು ಒತ್ತಿ ತೆರೆಯುತ್ತದೆ. ರಾಕರ್ ಒತ್ತುವ ತುದಿಯಲ್ಲಿ ಸಂದು ಹೊಂದಿಸಲೆಂದು ಇರುವ ಸ್ಕ್ರೂವನ್ನೇ ಗ್ಯಾರೇಜಿನಲ್ಲಿ ಟ್ಯಾಪೆಟ್ ಎನ್ನುವುದು. ಬಿಸಿಯಾದಾಗ ಲೋಹದ ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಎಂಜಿನ್ ತಣ್ಣಗಿರುವಾಗ ರಾಕರ್‌ಗೂ ವಾಲ್ವ್‌ಗೂ ನಡುವೆ ಚೂರು ಸಂದು ಬಿಟ್ಟಿರಬೇಕು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಇದು ಸುಮಾರು 0.08 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಸಂದು ಹಿಗ್ಗಿದರೆ ರಾಕರ್ ವಾಲ್ವಿಗೆ ಬಡಿದು ಸದ್ದು ಮಾಡುತ್ತದೆ. ಕಿವಿಗೆ ಕಿರಿಕಿರಿಯಾದರೂ ತಕ್ಷಣಕ್ಕೆ ದೊಡ್ಡ ಅಪಾಯವಿಲ್ಲ. ಆದರೆ ಲಕ್ಷಾಂತರ ಸಲ ಬಡಿದು ಬಡಿದು ವಾಲ್ವ್ ತಾನು ಮುಚ್ಚಿ ಕೂರುವ ಪೀಠದೊಳಕ್ಕೆ ಸವೆದು ಇಳಿದಾಗ ಅದರ ಬಾಲ ಮೇಲೆದ್ದು ಸಂದು ಮುಚ್ಚಿಹೋಗುತ್ತದೆ. ಆಗ ಸದ್ದು ನಿಲ್ಲುತ್ತದೆ, ಬಾಗಿಲು ಪೂರ್ತಿ ಮುಚ್ಚುವುದೂ ನಿಲ್ಲುತ್ತದೆ. ಸಿಲಿಂಡರಿನ ಒತ್ತಡ ಸೋರಿ ಎಂಜಿನ್ ಎದ್ದೇಳುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, 600 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಲ್ಲ ಹೊಗೆಯ ವಾಲ್ವ್ ತನ್ನ ಶಾಖದ ಹೆಚ್ಚಿನ ಪಾಲನ್ನು ಪೀಠಕ್ಕೆ ಅಂಟಿ ಕುಳಿತ ಹೊತ್ತಿನಲ್ಲೇ ಕಳೆದುಕೊಳ್ಳಬೇಕು. ಕೂರಲು ಬಿಡದಿದ್ದರೆ ಅದರ ಅಂಚು ಸುಟ್ಟುಹೋಗುತ್ತದೆ.

ಎಂಜಿನ್ನಿನ ಸದ್ದುಗಳಲ್ಲಿ ಟ್ಯಾಪೆಟ್ಟಿನ ಸದ್ದು ಯಾವುದೆಂದು ಮೇಸ್ತ್ರಿಗೆ ಹೇಗೆ ತಿಳಿಯುತ್ತದೆ ಎಂಬುದು ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ತಾಳದಲ್ಲಿದೆ. ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ನಿನಲ್ಲಿ ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ರಾಕರ್‌ಗಳನ್ನು ಎತ್ತುವ ದಂಡವಾದ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 1,400 ಸುತ್ತಿನ ಐಡ್ಲಿಂಗಿನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 23 ಸಲ ತಿರುಗಿದರೆ ಒಂದು ವಾಲ್ವಿನ ಬಡಿತ 12 ಸಲವೂ ದಾಟುವುದಿಲ್ಲ. ಈ ಅರ್ಧ ವೇಗದ ಬಡಿತವನ್ನು ಹಿಡಿಯಲು ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೂ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೂ ಒತ್ತುತ್ತಾರೆ. ಲೋಹದಿಂದ ಗಾಳಿಗೆ ದಾಟುವಾಗ ಕಂಪನದ ಬಹುಪಾಲು ಹಿಂದಕ್ಕೆ ಪ್ರತಿಫಲಿಸಿಬಿಡುತ್ತದೆ; ಗಾಳಿಯ ಹಂಗಿಲ್ಲದೆ ಗಟ್ಟಿ ವಸ್ತುವಿನ ಮೂಲಕವೇ ಮೂಳೆಗೆ ತಲುಪಿದರೆ ಬೇಕಾದ ಜಾಗದ ಸದ್ದೊಂದೇ ಎದ್ದು ಕೇಳುತ್ತದೆ.

ಆ ದಿನ ಎಂಜಿನ್ ತಣ್ಣಗಾಗುವವರೆಗೆ ಕಾದು, ಸಂದು ಹೊಂದಿಸುವ ಕೆಲಸವನ್ನು ನನಗೇ ಬಿಟ್ಟರು. ಪಿಸ್ಟನ್ ಮೇಲ್ತುದಿಗೆ ಬಂದದ್ದನ್ನು ತೋರಿಸುವ, ಫ್ಲೈವೀಲಿನ ‘ಟಿ’ ಗುರುತನ್ನು ಕಿಂಡಿಯ ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದೆ. ಮೇಸ್ತ್ರಿ ಮಾತಾಡದೆ ನನ್ನ ಬೆರಳನ್ನು ಹಿಡಿದು ರಾಕರ್‌ಗಳ ಮೇಲಿಟ್ಟು ಅಲುಗಿಸಿದರು. ಸಂದು ಅಳೆಯಬೇಕಾದ್ದು ಎರಡೂ ವಾಲ್ವ್ ಮುಚ್ಚಿ ರಾಕರ್‌ಗಳು ಸಡಿಲವಾಗಿರುವಾಗ; ಇಲ್ಲಿ ಎರಡೂ ಬಿಗಿಯಾಗಿದ್ದವು. ಪಿಸ್ಟನ್ ಮೇಲ್ತುದಿಗೆ ಬರುವುದು ಒಂದು ಆವರ್ತನೆಯಲ್ಲಿ ಎರಡು ಸಲ. ನಾನು ನಿಲ್ಲಿಸಿದ್ದು ಹೊಗೆ ಹೊರಹೋಗುವ ಸಲ, ಆಗ ಎರಡೂ ವಾಲ್ವ್‌ಗಳು ತುಸು ತೆರೆದೇ ಇರುತ್ತವೆ. ತರಗತಿಯಲ್ಲಿ ಎಷ್ಟೋ ಬಾರಿ ಚಿತ್ರ ಬರೆದು ವಿವರಿಸಿದ್ದ ಸಂಗತಿ ಅದು, ಆದರೂ ಕೈಗೆ ತಿಳಿದಿರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ ಮೇಲೆ ರಾಕರ್‌ಗಳು ಸಡಿಲವಾದವು, ಒಂದು ಚೂರು ಹೆಚ್ಚು, ಇನ್ನೊಂದು ಇದೆಯೋ ಇಲ್ಲವೋ ಎನ್ನುವಷ್ಟು.

ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟಾದ ಫೀಲರ್ ಗೇಜಿನ 0.08ರ ಎಲೆಯನ್ನು ಸಂದಿಗೆ ತೂರಿಸಿ ಎಳೆದಾಗ ಎಷ್ಟು ತಡೆ ಇರಬೇಕು? ಕೈಪಿಡಿಗಳು ‘ಸ್ವಲ್ಪ ಹಿಡಿತ’ ಎಂದು ಬರೆದು ಮುಂದಕ್ಕೆ ಹೋಗುತ್ತವೆ. “ಪುಸ್ತಕದೊಳಗಿಟ್ಟ ನವಿಲುಗರಿ ಎಳ್ದಂಗೆ ಬರ್ಬೇಕು” ಎಂದರು ಮೇಸ್ತ್ರಿ. ತಾವು ಎಳೆದರು, ಎಲೆಯನ್ನು ನನ್ನ ಕೈಗೆ ಕೊಟ್ಟರು, ಸ್ಕ್ರೂವನ್ನು ಬೇಕೆಂದೇ ಕೆಡಿಸಿ ಮತ್ತೆ ಹೊಂದಿಸಲು ಹೇಳಿದರು. ನಮ್ಮ ಬೆರಳ ತುದಿಯ ಚರ್ಮದಾಳದಲ್ಲಿ ಕಂಪನವನ್ನೇ ಗುರುತಿಸುವ ಪಚಿನಿ ಗ್ರಾಹಕಗಳಿವೆ. ಸೆಕೆಂಡಿಗೆ 200ರಿಂದ 300 ಕಂಪನಗಳಿಗೆ ಅವು ಅತಿ ಸೂಕ್ಷ್ಮ. ಲೋಹದ ಎಲೆ ಲೋಹಕ್ಕೆ ಉಜ್ಜುವಾಗ ಹುಟ್ಟುವ ನಡುಕ ಅವುಗಳ ಮೂಲಕವೂ ಮಿದುಳಿಗೆ ಮುಟ್ಟುತ್ತದೆ. ಸರಿ ಯಾವುದು, ತಪ್ಪು ಯಾವುದು ಎಂದು ಆ ಕ್ಷಣದಲ್ಲೇ ಹೇಳುವವರು ಪಕ್ಕದಲ್ಲಿದ್ದರೆ ಮಾತ್ರ ಆ ನಡುಕಕ್ಕೆ ಅರ್ಥ ಕೂಡುತ್ತದೆ. ಒಂದು ಗಂಟೆ ಕಳೆದು ತಪ್ಪು ಗೊತ್ತಾದರೆ ಬೆರಳಿಗೆ ಅದರ ನೆನಪೇ ಇರುವುದಿಲ್ಲ.

ಹೊಂದಿಸಿದ ಸ್ಕ್ರೂ ಜರುಗದಂತೆ ಹಿಡಿಯುವ ಲಾಕ್ ನಟ್ ಬಿಗಿ ಮಾಡುವಾಗ ಒಳಗಿನ ಆ ಸ್ಕ್ರೂ ಕೂಡ ತಿರುಗಿ ಸಂದು ಬದಲಾಗುತ್ತದೆ, ಆದ್ದರಿಂದ ಬಿಗಿದ ಮೇಲೂ ಅಳೆಯಬೇಕು. ಬಿಗಿಯುವುದೂ ಒಂದು ವಿದ್ಯೆ. ಬೋಲ್ಟ್ ನಿಜಕ್ಕೂ ಒಂದು ಗಡುಸಾದ ಸ್ಪ್ರಿಂಗ್. ಸ್ವಲ್ಪವೇ ಹಿಗ್ಗಿದಾಗ ಅದು ಹಿಡಿದೆಳೆಯುವ ಬಲವೇ ಬಿಗಿತ. ನಾವು ಹಾಕುವ ತಿರುಚು ಬಲದಲ್ಲಿ ಸುಮಾರು ಶೇ 90 ಘರ್ಷಣೆಗೇ ಹೋಗಿ, ಹತ್ತರಲ್ಲಿ ಒಂದು ಪಾಲು ಮಾತ್ರ ಈ ಎಳೆತವಾಗಿ ಉಳಿಯುತ್ತದೆ. ಅದಕ್ಕೇ “ಥ್ರೆಡ್ಡಿಗೆ ಆಯಿಲ್ ಆಗಿದ್ಯಾ?” ಎಂದು ಮೇಸ್ತ್ರಿ ಮೊದಲು ಕೇಳುವುದು: ಎಣ್ಣೆ ಘರ್ಷಣೆಯನ್ನು ತಗ್ಗಿಸಿದರೆ ಅದೇ ಕೈಬಲಕ್ಕೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಸಾಕು. 12 ಸೆಂಟಿಮೀಟರಿನ ಸ್ಪ್ಯಾನರಿನ ತುದಿಗೆ ಎಂಟೂವರೆ ಕಿಲೋ ತೂಗಿದಷ್ಟು. ಕಲಿಯಲು ಬಂದ ಹೊಸದರಲ್ಲಿ ನಾನು ಉದ್ದ ಹಿಡಿಯ ರಾಚೆಟ್ ಹಾಕಿ ಅಲ್ಯೂಮಿನಿಯಂನ ಥ್ರೆಡ್ ಕಿತ್ತುಹಾಕಿದ್ದೆ. ಕೀಳುವ ಮುಂಚಿನ ಅರೆಕ್ಷಣದಲ್ಲಿ ಬೋಲ್ಟ್ ಬೆಣ್ಣೆಯಂತೆ ಮೆತ್ತಗಾದದ್ದು ಕೈಗೆ ಇಂದಿಗೂ ನೆನಪಿದೆ.

ನಾನು ನಟ್ ಬಿಗಿದ ಮೇಲೆ ಮೇಸ್ತ್ರಿ ಕಣ್ಣು ಮುಚ್ಚಿ 0.08ರ ಎಲೆಯನ್ನು ಎಳೆದು ನೋಡಿದರು. ಆಮೇಲೆ 0.10ರ ಎಲೆಯನ್ನು ತೂರಿಸಲು ನೋಡಿದರು; ಅದು ಹೋಗಲಿಲ್ಲ. “ಕವರ್ ಹಾಕಿ” ಎಂದು ಸಣ್ಣ ಸ್ಪ್ಯಾನರನ್ನು ನನ್ನ ಕೈಗಿತ್ತರು.