ಅತ್ತೆಯ ಟಿಎಸ್‌ಎಚ್ ಮತ್ತು ಬೆಳಗಿನ ಕಾಫಿ

ಉಡುಪಿಯಲ್ಲಿರುವ ನನ್ನ ಅತ್ತೆಗೆ ಥೈರಾಯ್ಡ್ ಕಮ್ಮಿ. ದಿನಾ ಬೆಳಿಗ್ಗೆ 50 ಮೈಕ್ರೋಗ್ರಾಮಿನ ಒಂದು ಮಾತ್ರೆ. ಕಳೆದ ಮಳೆಗಾಲದಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಟಿಎಸ್‌ಎಚ್ 9. ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು.

"ಜಾಸ್ತಿ ಆಗಿದೆಯಲ್ಲ ಮಾರಾಯ, ಅದಕ್ಕೇ ಮಾತ್ರೆ ಕಮ್ಮಿ ಮಾಡಿದೆ" ಅಂದರು. ತರಕಾರಿ ಹೆಚ್ಚುವ ಚಾಕುವಿನಲ್ಲಿ ಮಾತ್ರೆ ತುಂಡು ಮಾಡಿ ಅರ್ಧ ಮಾತ್ರ ನುಂಗುತ್ತಿದ್ದರು. ಹದಿನೈದು ದಿನ ಆಗಿತ್ತು. ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಎಲ್ಲ ಇತ್ತು. ಫ್ಯಾನ್ ಹಾಕಿದರೆ ಚಳಿ ಬೇರೆ.

ತಪ್ಪು ಅವರದ್ದಲ್ಲ, ಆ ಹೆಸರಿನದ್ದು. ಟಿಎಸ್‌ಎಚ್ ಅಂದರೆ 'ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್'. ಹೆಸರಲ್ಲಿ ಥೈರಾಯ್ಡ್ ಇದ್ದರೂ ಅದು ಥೈರಾಯ್ಡಿನ ಹಾರ್ಮೋನೇ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೂಗಿ ಕರೆಯುವ ದನಿ ಅದು. ಕೆಲಸ ಆಗದಿದ್ದಷ್ಟೂ ಕೂಗು ಜೋರು. ಅಂದರೆ ಟಿಎಸ್‌ಎಚ್ ಏರಿದರೆ ಹಾರ್ಮೋನು ಸಾಲುತ್ತಿಲ್ಲ ಅಂತ ಅರ್ಥ. ಅದೂ ಬಹಳ ಸೂಕ್ಷ್ಮದ ಕೂಗು. ರಕ್ತದಲ್ಲಿ ಟಿ4, ಅಂದರೆ ಥೈರಾಯ್ಡ್ ತಯಾರಿಸುವ ಹಾರ್ಮೋನು, ಸ್ವಲ್ಪ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಹಾರುತ್ತದೆ. ಡಾಕ್ಟರು ಡೋಸನ್ನು 12.5 ಅಥವಾ 25 ಮೈಕ್ರೋಗ್ರಾಮಿನಷ್ಟೇ ಹೆಚ್ಚುಕಮ್ಮಿ ಮಾಡುವುದು ಅದಕ್ಕೇ.

ಹಾಗಾದರೆ ಅತ್ತೆಗೆ ಡೋಸ್ ಏರಿಸಬೇಕಿತ್ತು, ಅಲ್ವಾ? ನಾನೂ ಹಾಗೇ ಎಣಿಸಿದ್ದೆ. ಡಾಕ್ಟರು ಏರಿಸಲಿಲ್ಲ. "ಮಾತ್ರೆ ಹೇಗೆ ತಗೊಳ್ತೀರಿ?" ಅಂತ ಕೇಳಿದರು. ಆರು ಗಂಟೆಗೆ ಫಿಲ್ಟರ್ ಕಾಫಿಯ ಜೊತೆ, ಮೊಣಕಾಲು ನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ ಒಂದೇ ಗುಟುಕಿಗೆ. ಅಲ್ಲಿತ್ತು ವಿಷಯ. ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧಿ ಲೆವೊಥೈರಾಕ್ಸಿನ್ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡರೆ ಕರುಳು ಅದನ್ನು ಹೀರುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಕಬ್ಬಿಣದ ಮಾತ್ರೆಯದ್ದೂ ಅದೇ ಕತೆ. ಕಾಫಿಯೂ ಒಂದಷ್ಟು ಅಡ್ಡಿ ಮಾಡುತ್ತದೆ. ಚೀಟಿಯಲ್ಲಿ 50 ಅಂತ ಇದ್ದರೂ ರಕ್ತಕ್ಕೆ ಸೇರುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಮ್ಮಿ.

ಹೀಗಿರುವಾಗ ಸುಮ್ನೆ 75 ಮಾಡಿ, ಮುಂದೊಂದು ದಿನ ಕ್ಯಾಲ್ಸಿಯಂ ನಿಲ್ಲಿಸಿದರೆ ಅಷ್ಟೂ ಒಳಗೆ ಹೋಗುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ವಯಸ್ಸಾದವರಲ್ಲಿ ಹೃದಯದ ತಾಳ ತಪ್ಪಬಹುದು, ಮೂಳೆಯೂ ಸವೆಯುತ್ತದೆ.

ಮತ್ತೆ ಪೂರ್ತಿ 50, ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ. ಕ್ಯಾಲ್ಸಿಯಂ ರಾತ್ರಿ ಊಟದ ನಂತರ. ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ವಾರ ಕಳೆದರೂ ಸುಸ್ತು ಹೋಗಲಿಲ್ಲ ಅಂತ ಅತ್ತೆಯ ಗೊಣಗಾಟ ಶುರುವಾಯಿತು. ಹೋಗುವುದಿಲ್ಲ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹೊಸ ಮಟ್ಟಕ್ಕೆ ಬಂದು ನಿಲ್ಲುವುದೂ ಅಷ್ಟೇ ನಿಧಾನ. ಪಿಟ್ಯುಟರಿ ತನ್ನ ಕೂಗು ತಗ್ಗಿಸಲು ಇನ್ನಷ್ಟು ದಿನ. ಅದಕ್ಕೇ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ.

ನವರಾತ್ರಿಯ ಹೊತ್ತಿಗೆ ಟಿಎಸ್‌ಎಚ್ 3.1. ಕಾಫಿ ಮಾತ್ರ ಏಳು ಗಂಟೆಗೆ ಹೋಗಿದೆ. ಮಾವ ಆರಕ್ಕೇ ಎದ್ದು ಪೇಪರ್ ಹಿಡಿದು, ಅಡುಗೆಮನೆ ಕಡೆ ನೋಡುತ್ತಾ ಕೂತಿರುತ್ತಾರೆ.